ಇಲ್ಲದ ಪಿತ್ತಕೋಶದ ನೋವು

ಲ್ಯಾಬ್ ಟೆಕ್ನೀಷಿಯನ್ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ತಮ್ಮಂದಿರೇ, ತಂಗಿಯರೇ, ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಯಾರೂ ನಿಮ್ಮನ್ನು ದೇವರು ಎಂದು ಕರೆಯುವುದಿಲ್ಲ. ಆ ಹೆಸರು ಡಾಕ್ಟರಿಗೆ ಹೋಗುತ್ತದೆ. ಸಿಸ್ಟರನ್ನು ತಾಯಿ ಎನ್ನುತ್ತಾರೆ. ನಮ್ಮನ್ನು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಕಂಡವರು ಪಕ್ಕದವರಿಗೆ ಮೊಣಕೈಯಲ್ಲಿ ತಿವಿದು, "ಅಗಾ ನೋಡು, ಉಚ್ಚೆ ನೋಡೋ ಸಾಬ್ರು" ಎಂದು ತೋರಿಸುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ನೌಕರಿ ಸವೆಸಿದ ಈ ಖಾದರನಿಗೆ ಸಿಕ್ಕಿದ ಬಿರುದು ಅದೊಂದೇ. ನನ್ನ ಅತ್ತೆ ಮನೆಯವರು ಮಾತ್ರ ಅಳಿಯ ಆಸ್ಪತ್ರೆಯಲ್ಲಿ ಭಾರೀ ಹುದ್ದೆಯಲ್ಲಿದ್ದಾನೆ ಎಂದು ನೆಂಟರಿಗೆಲ್ಲ ಸಾರಿಕೊಂಡು ಬಂದರು. ನಾನೂ ಬೇಡ ಅನ್ನಲಿಲ್ಲ.

ಈಗ ನೀವು ಯಂತ್ರದ ಬಾಯಿಗೆ ಮಾದರಿ ಇಟ್ಟು, ಹೊರಗೆ ಹೋಗಿ ಒಂದು ಟೀ ಕುಡಿದು ಬರುವಷ್ಟರಲ್ಲಿ ರಿಪೋರ್ಟು ಅಚ್ಚಾಗಿ ಬಂದಿರುತ್ತದೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ನಮ್ಮ ಲ್ಯಾಬು ಎಂದರೆ ಒಂದು ಕೋಣೆ, ಒಂದು ಕಿಟಕಿ. ಕಿಟಕಿಯ ಬಿಸಿಲಿಗೆ ಕನ್ನಡಿ ತಿರುಗಿಸಿಕೊಂಡು ನೋಡುವ ಒಂದು ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ, ಒಂದಿಷ್ಟು ಗಾಜಿನ ನಳಿಕೆಗಳು. ಮೋಡ ಕವಿದ ದಿನ ಮಲೇರಿಯಾ ಇದ್ದವರೂ ಪಾಸಾಗಿ ಮನೆಗೆ ಹೋಗುತ್ತಿದ್ದರು. ರಕ್ತದ ಸಕ್ಕರೆ ಅಳೆಯುವ ಕಲರಿಮೀಟರ್ ಒಂದಿತ್ತು. ಅದರ ಬಲ್ಬು ಸುಟ್ಟುಹೋಗಿ, ಹೊಸದಕ್ಕೆ ಇಂಡೆಂಟ್ ಹಾಕಿ, ಬರುತ್ತದೆ ಬರುತ್ತದೆ ಎಂದು ಕಾಯುತ್ತ ಇಬ್ಬರು ಡಾಕ್ಟರುಗಳು ವರ್ಗವಾಗಿ ಹೋದರು.

ಜನ ಮೂತ್ರ ತರುತ್ತಿದ್ದ ಬಾಟಲಿಗಳದ್ದೇ ಒಂದು ಕಥೆ. ತಲೆಗೆ ಹಚ್ಚುವ ಎಣ್ಣೆಯ ಸೀಸೆ, ಮಗುವಿನ ಗ್ರೈಪ್ ವಾಟರ್ ಸೀಸೆ, ಉಪ್ಪಿನಕಾಯಿ ಜಾಡಿ, ಯಾವುದೂ ವರ್ಜ್ಯವಲ್ಲ. ಶಿವನಿಯಿಂದ ರೈಲು ಹತ್ತಿದ ಒಬ್ಬ ಯಜಮಾನರು ಬ್ರಾಂಡಿ ಬಾಟಲಿಯಲ್ಲಿ ತುಂಬಿಸಿ, ಚೀಲದಲ್ಲಿಟ್ಟು, ಒಂದು ಕ್ಷಣ ಕಣ್ಣು ಮುಚ್ಚಿದ್ದಾರೆ. ಇಳಿಯುವಾಗ ನೋಡಿದರೆ ಚೀಲವಿದೆ, ಬಾಟಲಿ ಇಲ್ಲ! ಕದ್ದವನ ಗತಿ ನೆನೆಸಿಕೊಂಡು ನಾವು ವಾರವಿಡೀ ನಕ್ಕೆವು. ಲಕ್ಕವಳ್ಳಿ ಅಣೆಕಟ್ಟೆಯ ಓವರ್‌ಸಿಯರ್ ಒಬ್ಬರಿಗೆ ಇಪ್ಪತ್ನಾಲ್ಕು ಗಂಟೆಯ ಮೂತ್ರ ಹಿಡಿದು ತನ್ನಿ ಎಂದಿದ್ದೆ. ಅವರು ಎಷ್ಟು ಹೊತ್ತಿಗೆ ಎಷ್ಟು ನೀರು ಕುಡಿದೆ, ಎಷ್ಟು ಹೊರಬಿತ್ತು ಎಂದು ಒಳಹರಿವು ಹೊರಹರಿವಿನ ಪಟ್ಟಿಯನ್ನೇ ಬರೆದು ತಂದರು. ಅಂಥ ಶಿಸ್ತಿನ ಮನುಷ್ಯರನ್ನು ನಾನು ಮತ್ತೆ ಕಾಣಲಿಲ್ಲ.

ನಗುವ ಕಥೆಗಳು ಬೇಕಾದಷ್ಟಿವೆ. ಆದರೆ ನನ್ನ ಕೆಲಸ ಏನೆಂದು ನನಗೇ ತಿಳಿದದ್ದು ಒಂದೇ ಒಂದು ಗ್ರೈಪ್ ವಾಟರ್ ಸೀಸೆಯಿಂದ. ಅದನ್ನು ಹೇಳುತ್ತೇನೆ. ಯಾವ ಆಸ್ಪತ್ರೆಯಲ್ಲಿ ನಡೆಯಿತು ಎಂದು ಮಾತ್ರ ಕೇಳಬೇಡಿ, ನಾನು ಹೇಳುವವನಲ್ಲ.

ಯಗಟಿ ಕಡೆಯ ಮರುಳಪ್ಪ ಎಂಬುವವರು ಕೊಬ್ಬರಿ ವ್ಯಾಪಾರಸ್ಥರು. ಭಾರೀ ಆಳು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಪಂಚೆ, ಗೇಟಿನ ಹತ್ತಿರ ಮಾತಾಡಿದರೆ ಆಪರೇಷನ್ ಕೋಣೆಗೆ ಕೇಳಿಸುವ ಗಂಟಲು. ಅವರ ಹೆಂಡತಿ ಗೌರಮ್ಮ ಅದಕ್ಕೆ ತದ್ವಿರುದ್ಧ. ಸಣಕಲು ಮೈ, ನೆಲ ನೋಡುವ ಕಣ್ಣು, ದಿನಕ್ಕೆ ನಾಲ್ಕು ಮಾತು. ಪಿತ್ತಕೋಶದಲ್ಲಿ ಕಲ್ಲು ಎಂದು ಅವರಿಗೆ ದೂರದ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಪಿತ್ತಕೋಶವನ್ನೇ ತೆಗೆದಿದ್ದರು. ಹೊಲಿಗೆ ಬಿಚ್ಚಿ ಮೂರು ತಿಂಗಳಿಗೆ ಗಂಡ ಹೆಂಡತಿ ನಮ್ಮಲ್ಲಿಗೆ ಬಂದರು.

ನಮ್ಮ ಡಾಕ್ಟರ ಕೋಣೆಗೂ ಲ್ಯಾಬಿಗೂ ನಡುವೆ ಅರ್ಧ ಗೋಡೆ. ಅಲ್ಲಿ ಸೀನಿದರೆ ಇಲ್ಲಿ ತುಂತುರು. ಹಾಗಾಗಿ ಎಲ್ಲ ಕೇಳಿಸುತ್ತಿತ್ತು.

"ಏನಮ್ಮ, ಏನು ತೊಂದ್ರೆ?" ಎಂದರು ಡಾಕ್ಟರು.

"ಉಂಡಿದ್ದು ಅರಗಲ್ಲಂತೆ ಸಾ," ಎಂದವರು ಮರುಳಪ್ಪ. "ಮುದ್ದೆ ಎದೆ ಮ್ಯಾಲೇ ಕುಂತಂಗಾಯ್ತದಂತೆ. ಬಲಗಡೆ ಪಕ್ಕೆ ಹಿಂಡಿ ಬೆನ್ನಿಗೆ ಹೊಡೀತದಂತೆ. ತುಪ್ಪದ ವಾಸ್ನೆ ಕಂಡ್ರೆ ವಾಕರಿಕೆ. ಆಪರೇಸನ್‌ಗೆ ಮುಂಚೆ ಹೆಂಗಿತ್ತೋ ಹಂಗೇ ಅಂತಾಳೆ."

"ನಾನು ಅವರನ್ನ ಕೇಳಿದ್ದು ಕಣ್ರೀ."

"ಅವ್ಳು ಹೇಳಾಕೆ ನಾಚ್ಕೋತಾಳೆ ಸಾ."

ಡಾಕ್ಟರು ದೊಡ್ಡಾಸ್ಪತ್ರೆಯ ಕಾಗದ ನೋಡಿ ನಕ್ಕರು. "ಪಿತ್ತಕೋಶಾನೇ ತೆಗೆದು ಬಿಸಾಕಿದಾರಲ್ಲಮ್ಮ! ಇಲ್ಲದೇ ಇರೋದು ಹೇಗೆ ನೋಯುತ್ತೆ?"

ಗೌರಮ್ಮ ಆಗ ಬಾಯಿ ಬಿಟ್ಟರು. "ಅದೇನೋ ನಂಗೊತ್ತಿಲ್ಲ ಸಾ. ನೋಯ್ತದೆ."

ಡಾಕ್ಟರು ದಡ್ಡರಲ್ಲ, ಕೆಟ್ಟವರಂತೂ ಅಲ್ಲವೇ ಅಲ್ಲ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ತಲೆ ಎತ್ತಲು ಪುರಸೊತ್ತಿಲ್ಲದ ಮನುಷ್ಯ. ಪಿತ್ತಕೋಶ ತೆಗೆಸಿಕೊಂಡ ಹಲವರಿಗೆ ಕೆಲವು ಕಾಲ ಹೊಟ್ಟೆಯುಬ್ಬರ, ಅಜೀರ್ಣ, ಭೇದಿ ಇರುತ್ತದೆ, ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು. ಪಿತ್ತ ತಯಾರಾಗುವುದು ಲಿವರಿನಲ್ಲಿ. ಪಿತ್ತಕೋಶ ಅದನ್ನು ಕೂಡಿಡುವ ಚೀಲ ಅಷ್ಟೆ. ಚೀಲ ತೆಗೆದರೂ ಪಿತ್ತ ಕರುಳಿಗೆ ಇಳಿಯುವ ಕೊಳವೆ ಹಾಗೇ ಇರುತ್ತದೆ. ಆಪರೇಷನ್ನಿಗೆ ಮುಂಚೆಯೇ ಒಂದು ಕಲ್ಲು ಆ ಕೊಳವೆಗೆ ಜಾರಿಕೊಂಡಿದ್ದರೆ ನೋವು ಹೋಗುವುದಿಲ್ಲ. ಆಗ ಪಿತ್ತ ಕಟ್ಟಿಕೊಂಡು ರಕ್ತಕ್ಕೆ ಸೇರಿ, ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಕ್ಯಾನು ಗೀನು ಕೇಳರಿಯದ ಕಾಲ. ಡಾಕ್ಟರು ಚೀಟಿ ಬರೆದು ಗೋಡೆಯ ಮೇಲಿಂದ ನನಗೆ ಕೊಟ್ಟರು. ಮೂತ್ರದಲ್ಲಿ ಪಿತ್ತ ಇದೆಯೇ ನೋಡಿ.

ಇದಕ್ಕೆ ನಮ್ಮಲ್ಲಿ ಒಂದು ಸೊಗಸಾದ ಪರೀಕ್ಷೆ ಇತ್ತು. ನಳಿಕೆಯಲ್ಲಿ ಮೂತ್ರ ಹಾಕಿ ಮೇಲೆ ಚಿಟಿಕೆ ಗಂಧಕದ ಪುಡಿ ಉದುರಿಸುವುದು. ಪಿತ್ತವಿಲ್ಲದಿದ್ದರೆ ಪುಡಿ ಮೇಲೇ ತೇಲುತ್ತದೆ, ಇದ್ದರೆ ತಳಕ್ಕೆ ಇಳಿಯುತ್ತದೆ. ಮರುಳಪ್ಪ ಖಾಲಿ ಗ್ರೈಪ್ ವಾಟರ್ ಸೀಸೆ ಹಿಡಿದು ಹೋದರು, ಐದೇ ನಿಮಿಷಕ್ಕೆ ತುಂಬಿಸಿ ತಂದರು. ಗೌರಮ್ಮ ಹೊರಗೆ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಪುಡಿ ಉದುರಿಸಿದೆ. ತೇಲಿತು. "ಪಿತ್ತ ಇಲ್ಲ" ಎಂದು ಬರೆದು ದಪ್ಪಗೆ ಸಹಿ ಹಾಕಿದೆ. ಕಾಯುವ ಹೊತ್ತಿನಲ್ಲಿ ಮರುಳಪ್ಪ ನನ್ನ ಮಡಕೆಯಿಂದ ನಾಲ್ಕು ಲೋಟ ನೀರು ಕುಡಿದರು. "ಬಿಸ್ಲು ಕಣ್ ಸಾಬ್ರೆ" ಎಂದರು. ಆಗ ಕಾರ್ತಿಕ ಮಾಸ, ಹೊರಗೆ ತಣ್ಣನೆಯ ಗಾಳಿ ಬೀಸುತ್ತಿತ್ತು.

ತಿಂಗಳಿಗೊಮ್ಮೆ ಬಂದರು. ಅದೇ ನೋವು, ಅದೇ ಸೀಸೆ, ಅದೇ ತೇಲುವ ಗಂಧಕ. ಡಾಕ್ಟರು ಮೊದಲು ವಾಯು ಎಂದು ಬಾಟಲಿಗಟ್ಟಲೆ ಮಿಕ್ಸ್ಚರ್ ಕೊಟ್ಟರು. ಆಮೇಲೆ ಶಕ್ತಿಯ ಮಾತ್ರೆ ಕೊಟ್ಟರು. ಆಮೇಲೆ ಮರುಳಪ್ಪನವರನ್ನು ಪಕ್ಕಕ್ಕೆ ಕರೆದು, "ಇದು ಹೊಟ್ಟೇದಲ್ಲ, ಮನಸ್ಸಿಂದು. ರೋಗಿ ಏನು ಬೇಕಾದ್ರೂ ಅನ್ನಬಹುದು, ರಿಪೋರ್ಟ್ ಸುಳ್ಳು ಹೇಳಲ್ಲ ಕಣ್ರೀ" ಎಂದರು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಎರಡಿಂಚು ಎತ್ತರ ಬೆಳೆದ ಹಾಗಾಗುತ್ತಿತ್ತು. ಅತ್ತ ಊರಿನವರು ದೊಡ್ಡಾಸ್ಪತ್ರೆಯ ಡಾಕ್ಟರು ಹೊಟ್ಟೆಯೊಳಗೆ ಕತ್ತರಿ ಮರೆತು ಹೊಲಿದಿದ್ದಾರೆ ಎಂದು ಹಬ್ಬಿಸಿದ್ದರಂತೆ. ಗೌರಮ್ಮನ ಅತ್ತೆ, ಒನಕೆ ಹಿಡಿಯಲು ಸೋಮಾರಿತನ, ಅದಕ್ಕೆ ಈ ಆಟ ಎಂದರಂತೆ.

ನಾನೇನು ಕಡಿಮೆಯೇ? ಒಂದು ದಿನ ಸಹಿ ಹಾಕಿದ ರಿಪೋರ್ಟನ್ನು ಗೋಡೆಯ ಮೇಲಿಂದ ಚಾಚಿ, "ಸಾರ್, ತೆಗೆದ ಪಿತ್ತಕೋಶ ದೆವ್ವವಾಗಿ ಬಂದು ಕಾಡ್ತಿರಬೇಕು" ಎಂದೆ. ಡಾಕ್ಟರು ಮೇಜು ತಟ್ಟಿ ನಕ್ಕರು. ಆಯಾ ನಿಂಗಮ್ಮ ನಕ್ಕಳು. ಮರುಳಪ್ಪನವರೂ ನಕ್ಕರು. ಗೌರಮ್ಮ ಒಳಗೇ ಇದ್ದರೆಂದು ನನಗೆ ಗೊತ್ತಾದದ್ದು ಅವರು ಸೆರಗು ಹೊದ್ದುಕೊಂಡು ಹೊರಗೆ ಹೋದ ಮೇಲೆ. ನಾಚಿಕೆಯಾಯಿತು. ಆದರೆ ಡಾಕ್ಟರು ಅಷ್ಟು ನಕ್ಕದ್ದಕ್ಕೆ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಐದನೆಯ ಸಲವೋ ಆರನೆಯ ಸಲವೋ ಬಂದಾಗ, ಪರೀಕ್ಷೆ ಮುಗಿದ ಸೀಸೆಯನ್ನು ತೊಳೆಯದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಮರೆತೆ. ಊಟ ಮಾಡಿ ಬಂದು ನೋಡುತ್ತೇನೆ, ಗೋಡೆಯ ಬಿರುಕಿನಿಂದ ಸೀಸೆಯವರೆಗೆ ಇರುವೆಗಳ ಸಾಲು! ಇರುವೆಗೆ ಇಂಡೆಂಟ್ ಬೇಡ, ಬಲ್ಬು ಬೇಡ. ಉಳಿದಿದ್ದ ನಾಲ್ಕು ಹನಿಯನ್ನು ಮೂತ್ರದ ಸಕ್ಕರೆ ಪತ್ತೆ ಮಾಡುವ ನೀಲಿ ದ್ರಾವಣಕ್ಕೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಿದೆ. ನೀಲಿ ಹೋಗಿ ಹಸಿರಾಯಿತು, ಹಸಿರು ಹಳದಿಯಾಯಿತು, ಆಮೇಲೆ ಅಪ್ಪಟ ಇಟ್ಟಿಗೆಯ ಬಣ್ಣ. ಮೂತ್ರದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದೆ! ನಳಿಕೆಯನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಓಡಿದೆ.

"ಶಹಬ್ಬಾಸ್ ಖಾದರ್!" ಎಂದರು. "ಸಕ್ಕರೆ ಕಾಯಿಲೆ! ಅದಕ್ಕೇ ಆಯಮ್ಮ ಹೀಗೆ ಸೊರಗಿರೋದು. ಅಜೀರ್ಣಕ್ಕೂ ಇದೇ ಕಾರಣ. ನಾವು ಪಿತ್ತಾನೇ ಹುಡುಕ್ತಾ ಕೂತಿದ್ವಿ ನೋಡಿ."

ನನ್ನ ಸಂಭ್ರಮ ಕೇಳಬೇಡಿ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಮಸೀದಿಯ ಹತ್ತಿರ ನಾಲ್ಕು ಜನಕ್ಕೆ ಹೇಳಿದೆ. ಮುಂದಿನ ಸಲ ಬಂದಾಗ ಗೌರಮ್ಮನಿಗೆ ಸಕ್ಕರೆ ಇಳಿಸುವ ಮಾತ್ರೆ ಶುರುವಾಯಿತು. ಬೆಲ್ಲ ಬಂದ್, ಹೋಳಿಗೆ ಬಂದ್, ಮುದ್ದೆ ಅರ್ಧಕ್ಕೆ ಇಳಿಯಿತು. ಮರುಳಪ್ಪನವರಿಗೆ ಹೆಂಡತಿಯ ಪಥ್ಯ ನೋಡಿ ಕರುಳು ಚುರುಕ್ ಎಂದಿತಂತೆ. ಗೌರಮ್ಮನ ಪಾಲಿನ ಹೋಳಿಗೆ ಹಾಳಾಗಬಾರದೆಂದು ತಾವೇ ತಿಂದರಂತೆ.

ವಾರ ತುಂಬಿರಲಿಲ್ಲ. ಒಂದು ಬೆಳಗ್ಗೆ ಆಸ್ಪತ್ರೆಯ ಗೇಟಿನ ಹತ್ತಿರ ಕೂಗಾಟ. ತಲೆ ಸುತ್ತುತ್ತದೆ ಎಂದು ತೋರಿಸಲು ಬಂದ ಗೌರಮ್ಮ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿ ಕುಸಿದು ಬಿದ್ದಿದ್ದರು. ಮರುಳಪ್ಪ ಎರಡು ಕೈಯಲ್ಲಿ ಎತ್ತಿಕೊಂಡು ಓಡಿ ಬಂದರು. ಆ ಗಂಟಲು ಎಲ್ಲಿ ಹೋಗಿತ್ತೋ, "ಸಾ... ಸಾ..." ಅಂತ ಬಿಟ್ಟರೆ ಬೇರೆ ಸ್ವರವಿಲ್ಲ. ಗೌರಮ್ಮನ ಮೈಯೆಲ್ಲ ಬೆವರು, ರವಿಕೆ ತೊಯ್ದುಹೋಗಿದೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ. ಡಾಕ್ಟರು ನೋಡಿದವರೇ ರಕ್ತನಾಳಕ್ಕೆ ಗ್ಲೂಕೋಸ್ ಚುಚ್ಚಿದರು. ಸೂಜಿ ತೆಗೆಯುವ ಮೊದಲೇ ಕಣ್ಣು ಬಿಟ್ಟರು. ಉಣ್ಣದ ಹೊಟ್ಟೆಗೆ ಮಾತ್ರೆ ನುಂಗಿ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಆ ಕಣ್ಣು ಬಿಡುತ್ತಿರಲಿಲ್ಲವೇನೋ.

ಡಾಕ್ಟರ ಹಣೆಯಲ್ಲೂ ಬೆವರು. "ಅಷ್ಟೊಂದು ಸಕ್ಕರೆ ಇದ್ದವರಿಗೆ ಒಂದು ಮಾತ್ರೆಗೆ ಹೀಗಾಗಲ್ಲ. ಖಾದರ್, ಈಗಲೇ ಇನ್ನೊಂದು ಸಲ ಯೂರಿನ್ ನೋಡಿ."

ಮಾತು ಮುಗಿಯುವ ಮೊದಲೇ ಮರುಳಪ್ಪ ಚೀಲದಿಂದ ಗ್ರೈಪ್ ವಾಟರ್ ಸೀಸೆ ತೆಗೆದು, "ತತ್ತೀನಿ ಸಾ" ಎಂದು ಹೊರಗೆ ಓಡಿದರು.

ಬಾಗಿಲಲ್ಲಿ ಬೆಡ್‌ಪ್ಯಾನ್ ಹಿಡಿದು ನಿಂತಿದ್ದ ಆಯಾ ನಿಂಗಮ್ಮ ದಾರಿಗೆ ಅಡ್ಡ ಬಂದಳು. "ಅಯ್ಯೋ ಯಜಮಾನ್ರೇ, ನೀವೆಲ್ಲಿಗ್ ಓಡ್ತೀರಿ? ಪೇಸೆಂಟು ಇಲ್ಲೇ ಮಲ್ಗವ್ರಲ್ಲ!"

ಮರುಳಪ್ಪ ನಿಂತರು. ಸೀಸೆ ನೋಡಿದರು. ಹೆಂಡತಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಮುಖ ಕಂಡ ಕೂಡಲೇ ನನಗೆ ಒಂದೊಂದೇ ನೆನಪಾಯಿತು. ಯಗಟಿ ಕಡೆಯಿಂದ ಬಂದವರ ಸೀಸೆ ಪ್ರತಿ ಸಲವೂ ಬಿಸಿಬಿಸಿಯಾಗಿ ಇರುತ್ತಿತ್ತು. ಹೆಂಗಸಿಗೆಂದು ಕೊಟ್ಟ ಸೀಸೆ ಐದೇ ನಿಮಿಷಕ್ಕೆ ತುಂಬಿ ಬರುತ್ತಿತ್ತು, ಆ ಹೆಂಗಸೋ ಕಲ್ಲುಬೆಂಚು ಬಿಟ್ಟು ಏಳುತ್ತಲೇ ಇರಲಿಲ್ಲ. ತಾಜಾ ಮಾದರಿ ಎಂದು ನಾನು ಮೆಚ್ಚಿಕೊಂಡಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ!

"ಮರುಳಪ್ಪನೋರೇ," ಎಂದೆ. "ಇಷ್ಟು ದಿನ ತಂದಿದ್ದು ಯಾರದು?"

"ನಂದೇ ಕಣ್ ಸಾಬ್ರೆ."

"ಯಾಕ್ರೀ?" ಎಂದು ಡಾಕ್ಟರು ಕಿರುಚಿದರು.

"ಅಲ್ಲ ಸಾ, ಹೆಣ್ಣೆಂಗ್ಸು. ಇಲ್ಲಿ ಕಕ್ಕಸಿಗೆ ಚಿಲ್ಕ ಇಲ್ಲ, ಗಂಡಸ್ರು ಓಡಾಡ್ತಿರ್ತಾರೆ. ಮನೇಲಿ ತುಂಬ್ಕಂಡು ಬಸ್ನಾಗೆ ಹೊತ್ಕಂಡ್ ಬರಾಕಾಯ್ತದಾ? ನಾಕ್ ಜನ ನಂಟ್ರು ಸಿಗ್ತಾರೆ. ಅದ್ಕೇ ನಾನೇ..." ಎಂದವರು ಸ್ವಲ್ಪ ಧೈರ್ಯ ತಂದುಕೊಂಡು ಮುಂದುವರಿಸಿದರು. "ಒಂದೇ ಬಾವಿ ನೀರು ಕುಡೀತೀವಿ, ಒಂದೇ ಮಡಕೆ ಅನ್ನ ಉಣ್ತೀವಿ. ಇಪ್ಪತ್ತೈದು ವರ್ಸ ಸಂಸಾರ ಮಾಡೀವಿ. ಗಂಡ ಹೆಂಡ್ರದು ಇದ್ರಾಗೆ ಬ್ಯಾರೆ ಬ್ಯಾರೆ ಏನಿರ್ತದೆ ಸಾ?"

ಡಾಕ್ಟರು ಕುರ್ಚಿಯ ಮೇಲೆ ಕುಸಿದರು. ಅಷ್ಟರಲ್ಲಿ ನಿಂಗಮ್ಮ ಪರದೆ ಎಳೆದು ತನ್ನ ಕೆಲಸ ಮುಗಿಸಿದ್ದಳು. ಆಕೆ ತಂದುಕೊಟ್ಟದ್ದನ್ನು ನೋಡಿದರೆ ಪರೀಕ್ಷೆಯೇ ಬೇಕಿರಲಿಲ್ಲ. ಹಾಲು ಹಾಕದ ಕಾಫಿ ಡಿಕಾಕ್ಷನ್ನಿನ ಬಣ್ಣ. ನೀಲಿ ದ್ರಾವಣ ಕುದಿಸಿದರೂ ನೀಲಿಯಾಗಿಯೇ ಉಳಿಯಿತು. ಇನ್ನೊಂದು ನಳಿಕೆಗೆ ಗಂಧಕ ಉದುರಿಸಿದೆ. ಒಂದು ಕ್ಷಣವೂ ನಿಲ್ಲದೆ ಸೀದಾ ತಳಕ್ಕೆ ಇಳಿಯಿತು.

ಡಾಕ್ಟರು ಗೌರಮ್ಮನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಕಣ್ಣಿನ ರೆಪ್ಪೆ ಎಳೆದು ನೋಡಿದರು. ತೆಳುವಾಗಿ ಹಳದಿ.

"ಮೈ ಕಡಿತ ಇದೆಯಾಮ್ಮ?"

"ಆರು ತಿಂಗ್ಳಿಂದ ಅದೆ ಸಾ."

"ಕಣ್ಣು ಹಳದಿಯಾಗಿತ್ತಾ?"

"ನೋವು ಬಂದಾಗ ಆಯ್ತದೆ. ನಾಕ್ ದಿನ ಇದ್ದು ಹೋಯ್ತದೆ."

"ಮತ್ತೆ ಯಾಕಮ್ಮ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ ಸಾ."

ಮರುಳಪ್ಪನವರನ್ನೂ ಬಿಡಲಿಲ್ಲ. ಅವರ ಸೀಸೆಗೆ ಅವರದೇ ಹೆಸರು ಬರೆದು ತರಿಸಿದೆ. ಇಟ್ಟಿಗೆ ಬಣ್ಣ! ನಾನು ಅದನ್ನು ತೋರಿಸುವಾಗ ಅವರು ನನ್ನ ಮಡಕೆಯ ಮೂರನೆಯ ಲೋಟ ಖಾಲಿ ಮಾಡುತ್ತಿದ್ದರು. "ಹಂಗಾರೆ ಅವ್ಳು ಬಿಟ್ಟಿದ್ ಹೋಳಿಗೆ..." ಎಂದರು. "ನೀವು ಬಿಡಬೇಕಿತ್ತು" ಎಂದೆ. ಆ ಭಾರೀ ಆಳು ನನ್ನ ಸ್ಟೂಲಿನ ಮೇಲೆ ಕೂತು, ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. ಹೋಳಿಗೆಗಲ್ಲ. "ನನ್ ಕೈಯಾರೆ ಅವ್ಳಿಗೆ ಮಾತ್ರೆ ನುಂಗಿಸ್ದೆ ಸಾಬ್ರೆ" ಎಂದರು.

ಡಾಕ್ಟರು ತಾವೇ ಕೂತು ದೊಡ್ಡಾಸ್ಪತ್ರೆಯ ಸರ್ಜನರಿಗೆ ಕಾಗದ ಬರೆದರು. ಯಾವುದನ್ನೂ ಮುಚ್ಚಿಡಲಿಲ್ಲ. ಅದೇ ದಿನ ಗೌರಮ್ಮನನ್ನು ನಮ್ಮ ವ್ಯಾನಿನಲ್ಲಿ ಕಳಿಸಿಕೊಟ್ಟರು. ಕಲ್ಲು ಕೊಳವೆಯಲ್ಲೇ ಸಿಕ್ಕಿಕೊಂಡಿದ್ದರೆ ಮತ್ತೆ ಹೊಟ್ಟೆ ಕೊಯ್ಯಬೇಕು. ಆ ಮೈಯಲ್ಲಿ ಅದನ್ನು ತಡೆಯುವ ಶಕ್ತಿಯೇ ಇರಲಿಲ್ಲ. ನನಗೆ ಭಯವಾಯಿತು. ಅವರು ಸತ್ತರೆ ಬೇರೆ ಯಾರ ತಪ್ಪೂ ಅಲ್ಲ, ಆರು ಕಾಗದದ ಮೇಲೆ ನನ್ನ ದಪ್ಪ ಸಹಿ ಇದೆ. ನಮಾಜಿಗೆ ನಿಂತರೂ ಗಂಧಕ ಮುಳುಗುವುದೇ ಕಣ್ಣಿಗೆ ಬರುತ್ತಿತ್ತು. ಹೆಂಡತಿ, ಏನಾಯಿತು ಎಂದು ಕೇಳಿದಾಗ ಊಟ ಬಿಟ್ಟು ಎದ್ದು ಹೋದೆ. ಪತ್ತೆ ಮಾಡಿದೆ ಎಂದು ಊರಿಗೆಲ್ಲ ಡಂಗುರ ಹೊಡೆದವನು ನಾನೇ ತಾನೆ?

ಆ ಅವಧಿಯಲ್ಲಿ ಕೆಲಸದ ಕ್ರಮ ಬದಲಿಸಿದೆ. ಮೊದಲನೆಯದಾಗಿ ಕಕ್ಕಸಿಗೆ ಚಿಲಕ. ಇಂಡೆಂಟ್ ಹಾಕಲಿಲ್ಲ, ಅಂಗಡಿಯಿಂದ ತಂದು ನಾನೇ ಮೊಳೆ ಹೊಡೆದೆ. ಆಮೇಲೆ ಸೀಸೆ ತಂದ ಪ್ರತಿಯೊಬ್ಬರನ್ನೂ "ಇದು ಯಾರದು?" ಎಂದು ಕೇಳತೊಡಗಿದೆ. ಕೇಳಿದ ಮೇಲೆ ತಾನೇ ಗೊತ್ತಾಗುವುದು! ಅತ್ತೆಯ ಹೆಸರಲ್ಲಿ ಸೊಸೆಯದು, ಅಣ್ಣನ ಹೆಸರಲ್ಲಿ ತಮ್ಮನದು ಬರುತ್ತಿತ್ತು. "ನಮ್ಮನೇದೇ ಕಣ್ರೀ, ಹೊರಗಿಂದಲ್ಲ" ಎಂದು ಒಬ್ಬರು ಸಿಟ್ಟಾದರು. ಹಿಂದಿನ ವರ್ಷಗಳಲ್ಲಿ ಇಂಥ ಎಷ್ಟಕ್ಕೆ ಸಹಿ ಹಾಕಿದ್ದೇನೋ ಆ ಅಲ್ಲಾಹನಿಗೇ ಗೊತ್ತು. ನಿಮ್ಮ ಯಂತ್ರ ಬಹಳ ಜಾಣ, ಒಪ್ಪಿದೆ. ಸೀಸೆಯಲ್ಲಿರುವುದು ಯಾರದು ಎಂದು ಅದೂ ಕೇಳುವುದಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಸೋಮವಾರ ಗೌರಮ್ಮ ಬಂದರು. ನಡೆದುಕೊಂಡೇ ಬಂದರು. ಕೆನ್ನೆ ತುಂಬಿಕೊಂಡಿತ್ತು, ಕಣ್ಣು ಬೆಳ್ಳಗಿತ್ತು. ಕೊಳವೆಯಿಂದ ಅಡಕೆಗಿಂತ ಸ್ವಲ್ಪ ಸಣ್ಣ ಕಲ್ಲು ತೆಗೆದರಂತೆ. ಮರುಳಪ್ಪ ಸ್ವಂತ ಸೀಸೆ ಹಿಡಿದು ಹಿಂದೆ ನಿಂತಿದ್ದರು, ಪಂಚೆ ಸಡಿಲವಾಗಿತ್ತು. ನನಗೆ ಅವರಿಬ್ಬರನ್ನು ಕಂಡು ಓಡಿ ಹೋಗಿ ಕೈ ಹಿಡಿಯಬೇಕು ಅನ್ನಿಸುವಷ್ಟು ಸಂತೋಷವಾಯಿತು. ನಾನು, ನಿಂಗಮ್ಮ, ಎಲ್ಲರೂ ಡಾಕ್ಟರ ಕೋಣೆಯಲ್ಲಿ ಸೇರಿದೆವು.

"ಹೇಗಿದ್ದೀರಮ್ಮ?" ಎಂದರು ಡಾಕ್ಟರು. ಮರುಳಪ್ಪ ಬಾಯಿ ತೆರೆದವರು ಏನೋ ನೆನಪಾಗಿ ಮುಚ್ಚಿಕೊಂಡರು.

"ಚೆನ್ನಾಗಿವ್ನಿ ಸಾ. ಮುದ್ದೆ ಅರಗ್ತದೆ. ನೋವಿಲ್ಲ."

ಡಾಕ್ಟರಿಗೆ ಹಿಗ್ಗು. ನನ್ನ ಬೆನ್ನು ತಟ್ಟಿ, "ಏನೇ ಹೇಳಿ, ಕೊನೆಗೆ ನಮ್ಮ ಖಾದರ್ ಟೆಸ್ಟ್ ಮಾಡಿದ್ದಕ್ಕೇ ಗೊತ್ತಾಗಿದ್ದು ನೋಡಿ" ಎಂದರು.

ಗೌರಮ್ಮ ನೆಲ ನೋಡುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ತುಟಿಯಲ್ಲಿ ಸಣ್ಣ ನಗೆ ಕೂಡ ಇತ್ತು.

"ಆರ್ ತಿಂಗ್ಳು ನೋಯ್ತದೆ ನೋಯ್ತದೆ ಅಂತ ನಿಮ್ಮೆದ್ರಿಗೇ ಕುಂತು ಬಾಯ್ಬಿಟ್ಟು ಹೇಳ್ದೆ," ಎಂದರು. "ನಾನ್ ಹೇಳಿದ್ದ ಬಿಟ್ಟು ನನ್ ಗಂಡನ್ ಉಚ್ಚೇನ ನಂಬಿದ್ರಲ್ಲ ಸಾಬ್ರೆ!"

ನಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮರುಳಪ್ಪ ನಕ್ಕರು. ಡಾಕ್ಟರೂ ತಲೆ ತಗ್ಗಿಸಿಕೊಂಡು ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. "ತಪ್ಪಾಯ್ತು ಗೌರಮ್ಮ" ಎಂದೆ. ಅಷ್ಟು ವರ್ಷದ ನೌಕರಿಯಲ್ಲಿ ಆ ಮಾತನ್ನು ಒಬ್ಬ ರೋಗಿಗೆ ನಾನು ಹೇಳಿದ್ದು ಅದೇ ಮೊದಲು.